ನಿದ್ದೆಗೆಟ್ಟು ಕನಸು ಹುಡುಕಬೇಡಿ, ಮೆಜೆಸ್ಟಿಕ್‌ಗೆ ಹೋಗಿ ನಿಲ್ಲಿ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಊರು ಅರಸೀಕೆರೆ ಕಡೆ. ಈಗ ಕಾಮಾಕ್ಷಿಪಾಳ್ಯದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಹಗಲು ಡಿಸೈನ್ ಕೆಲಸ, ರಾತ್ರಿ ಪೇಂಟಿಂಗ್. ಬೆಂಗಳೂರನ್ನೇ ಸರ್ರಿಯಲಿಸ್ಟ್ ರೀತಿಯಲ್ಲಿ, ಅಂದರೆ ಕನಸಿನಲ್ಲಿ ಕಂಡಂತೆ, ಬರೆಯುತ್ತೇನೆ: ಹಾವಿನಂತೆ ಸುತ್ತಿಕೊಂಡ ಫ್ಲೈಓವರ್, ಕರಗಿ ಇಳಿಯುವ ಸಿಗ್ನಲ್ ದೀಪ, ಮೀನಿನ ತಲೆಯ ಟ್ರಾಫಿಕ್ ಪೊಲೀಸ್, ತೇಲುವ ಅಪಾರ್ಟ್‌ಮೆಂಟು. ಗೆಳೆಯರು ‘ಡಾಲಿ ಕಾಪಿ’ ಅನ್ನುತ್ತಾರೆ, ಸ್ಪೇನಿನ ಸರ್ರಿಯಲಿಸ್ಟ್ ಚಿತ್ರಕಾರ ಸಾಲ್ವಡಾರ್ ಡಾಲಿಯ ನಕಲು ಅಂತ. ಒಂದು ಗುಂಪು ಪ್ರದರ್ಶನದಲ್ಲಿ ಒಬ್ಬರು ‘ಎಐನಲ್ಲಿ ಮಾಡಿದ್ದಾ?’ ಎಂದು ಕೇಳಿದಾಗ ಅಲ್ಲೇ ಅಳು ಬಂತು. ಒಬ್ಬ ಹಿರಿಯ ಕಲಾವಿದರು ‘ನಿನಗೆ ನಿನ್ನದೇ ಶೈಲಿ ಇಲ್ಲ’ ಅಂದರು. ಸ್ಫೂರ್ತಿ ಬರಲಿ ಅಂತ ರಾತ್ರಿ 3ಕ್ಕೆ ಅಲಾರಾಂ ಇಟ್ಟು, ಎದ್ದು ಕನಸು ಬರೆದಿಡುತ್ತಿದ್ದೆ. ಈಗ ಎರಡು ತಿಂಗಳಿಂದ ಕನಸೂ ಇಲ್ಲ, ನಿದ್ದೆಯೂ ಇಲ್ಲ. ಗಾಂಜಾ ಟ್ರೈ ಮಾಡು ಅಂತ ಸ್ನೇಹಿತನೊಬ್ಬ ಹೇಳುತ್ತಿದ್ದಾನೆ. ಅಮ್ಮ ಬಂದಾಗ ‘ಇಂಥದ್ದನ್ನ ಯಾರು ಮನೇಲಿ ತೂಗುಹಾಕ್ಕೋತಾರೋ’ ಅಂದರು. ಇದು ಪರದೇಶದ ಶೈಲಿ, ನಮ್ಮ ನೆಲದ್ದಲ್ಲ ಎಂದು ನನಗೂ ಅನ್ನಿಸತೊಡಗಿದೆ. ಬಿಟ್ಟುಬಿಡಲೇ? ಇನ್ನೊಂದು: ಆಯಿಲ್ ಪೇಂಟಿನ ವಾಸನೆಯಲ್ಲೇ ಮಲಗಬೇಕಾಗಿದೆ. ಅಕ್ರಿಲಿಕ್‌ಗೆ ಹೋಗಲೇ? ಕೆಲವು ಚಿತ್ರಗಳ ಫೋಟೊ ಜೊತೆಗಿಟ್ಟಿದ್ದೇನೆ.

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ, ಆದರೆ ಎಲ್ಲದರ ಹಿಂದೆ ಇರುವ ಅಳುಕು ಒಂದೇ. ‘ನಾನು ಬರೆಯುತ್ತಿರುವುದು ನಿಜಕ್ಕೂ ನನ್ನದೇನಾ?’ ಚಿತ್ರ ಕಲಿಸುತ್ತ ಬಂದಿರುವ ನನಗೆ ಈ ಅಳುಕು ಹೊಸದಲ್ಲ. ಕೈ ಚೆನ್ನಾಗಿರುವವರಿಗೇ ಇದು ಹೆಚ್ಚು ಕಾಡುತ್ತದೆ. ನಿಮ್ಮ ಚಿತ್ರಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಬಿಡಬೇಡಿ. ನೀವು ಸ್ಫೂರ್ತಿ ಹುಡುಕುತ್ತಿರುವ ಜಾಗ ಮಾತ್ರ ಬದಲಾಗಬೇಕು.

ಮೊದಲು ನಿದ್ದೆಯ ವಿಷಯ ಮುಗಿಸೋಣ, ಅದು ಕಾಯುವಂಥದ್ದಲ್ಲ. ಸರ್ರಿಯಲಿಸಂ ಎಂದರೆ ಕನಸು, ಕನಸೆಂದರೆ ಅರೆಹುಚ್ಚು, ಅದಕ್ಕೆ ನಶೆ ಬೇಕು ಎಂಬ ನಂಬಿಕೆ ಬಹಳ ಹಳೆಯದು. ಅದಕ್ಕೆ ಒಂದಿಷ್ಟು ಆಧಾರವೂ ಇದೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಈ ಚಳವಳಿಯ ಪ್ರಣಾಳಿಕೆ ಬರೆದ ಆಂದ್ರೆ ಬ್ರೆಟನ್ ವೈದ್ಯಕೀಯ ಓದಿದವನು. ಮೊದಲ ಮಹಾಯುದ್ಧದಲ್ಲಿ ಮಾನಸಿಕ ರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡಿದವನು, ಮನೋವಿಶ್ಲೇಷಣೆಯ ಫ್ರಾಯ್ಡ್‌ನಿಂದ ಪ್ರಭಾವಿತನಾದವನು. ಬುದ್ಧಿಯ ಕಾವಲಿಲ್ಲದೆ ಮನಸ್ಸು ತಾನಾಗಿ ಹರಿಯಲಿ ಎಂಬುದು ಅವನ ಆಸೆ. ಅದಕ್ಕೂ ಮುಂಚೆ, 1922ರಲ್ಲಿ, ಆ ಗೆಳೆಯರ ಗುಂಪು ಅರೆನಿದ್ದೆಯಲ್ಲಿ ಮಾತಾಡುವ ಬೈಠಕ್‌ಗಳನ್ನು ನಡೆಸಿತ್ತು. ಅವು ಕೈಮೀರಿ ಹಿಂಸೆಯ ಅಂಚಿಗೆ ಹೋದಾಗ ನಿಲ್ಲಿಸಿದವನೂ ಬ್ರೆಟನ್ನೇ. ಈ ಎರಡನೇ ಭಾಗವನ್ನು ಜನ ಹೇಳುವುದಿಲ್ಲ.

ಡಾಲಿ ಕೈಯಲ್ಲಿ ಭಾರದ ಬೀಗದಕೈ ಹಿಡಿದು ಕುರ್ಚಿಯಲ್ಲಿ ತೂಕಡಿಸುತ್ತಿದ್ದನಂತೆ. ನಿದ್ದೆ ಹತ್ತಿದ ಕೂಡಲೇ ಬೀಗದಕೈ ಕೆಳಗಿಟ್ಟ ತಟ್ಟೆಯ ಮೇಲೆ ಠಣ್ ಎಂದು ಬಿದ್ದು ಎಚ್ಚರ. ಇದನ್ನು ಅವನೇ ಬರೆದಿದ್ದಾನೆ. ಅದು ಹಗಲಿನ ಅರೆಗಳಿಗೆಯ ಜೊಂಪು. ರಾತ್ರಿಯ ನಿದ್ದೆಯನ್ನು ಅವನು ಅದಕ್ಕೆ ಒತ್ತೆ ಇಟ್ಟಿರಲಿಲ್ಲ. ನೀವು ಮಾಡುತ್ತಿರುವುದು ಬೇರೆ. ಕಣ್ಣಿಗೆ ಕಟ್ಟುವಂಥ ಕನಸುಗಳು ಬೀಳುವ ಆರ್‌ಇಎಂ ನಿದ್ದೆಯ ಪಾಲು ಬೆಳಗಿನ ಜಾವಕ್ಕೆ ಹತ್ತಿರವಾದಂತೆ ಹೆಚ್ಚುತ್ತದೆ. 3 ಗಂಟೆಗೆ ಎದ್ದು ದೀಪ ಹಾಕಿಕೊಂಡು ಕೂತು, ಮತ್ತೆ ನಿದ್ದೆ ಬಾರದೆ ಹೊರಳಾಡಿದರೆ ನೀವು ಕಳೆದುಕೊಳ್ಳುವುದು ಆ ಪಾಲನ್ನೇ. ಕನಸು ನಿಂತದ್ದು ಪ್ರತಿಭೆ ಬತ್ತಿದ್ದರಿಂದ ಅಲ್ಲ. ಅಲಾರಾಂ ತೆಗೆಯಿರಿ. ದಿಂಬಿನ ಪಕ್ಕ ನೋಟ್‌ಬುಕ್ ಇರಲಿ, ತಾನಾಗಿ ಎಚ್ಚರವಾದಾಗ ನೆನಪಿದ್ದಷ್ಟು ಗೀಚಿ. ಅಷ್ಟು ಸಾಕು.

ಗಾಂಜಾ ಬೇಡ. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅದು ಅಪರಾಧ. ದಿನವೂ ಸೇದುವವರಿಗೆ ಕನಸು ಕಡಿಮೆಯಾಗುತ್ತದೆ ಎಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ, ಅಂದರೆ ನೀವು ಹುಡುಕುತ್ತಿರುವುದನ್ನೇ ಅದು ಕಸಿಯುತ್ತದೆ. ಆ ದಾರಿ ಹಿಡಿದ ವಿದ್ಯಾರ್ಥಿಗಳನ್ನು ಹತ್ತಿರದಿಂದ ಕಂಡಿದ್ದೇನೆ. ಮೊದಲು ಹೋಗುವುದು ಕೆಲಸ ಮುಗಿಸುವ ತಾಳ್ಮೆ. ಅಲಾರಾಂ ನಿಲ್ಲಿಸಿದ ಮೇಲೂ ಕೆಲವು ವಾರ ನಿದ್ದೆ ಸರಿಹೋಗದಿದ್ದರೆ ಅದನ್ನು ಕಲೆಯ ಕಷ್ಟ ಎಂದುಕೊಳ್ಳದೆ ವೈದ್ಯರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ನಿಮ್ಹಾನ್ಸ್ ಅಂತೂ ನಮ್ಮೂರಲ್ಲೇ ಇದೆ.

ಈಗ ಚಿತ್ರಗಳಿಗೆ ಬರೋಣ. ನೀವು ಕೊನೆಯಲ್ಲಿ, ಸಂಕೋಚದಿಂದಲೋ ಏನೋ, ಸೇರಿಸಿರುವ ಒಂದು ಚಿಕ್ಕ ಚಿತ್ರವಿದೆ. ಬಿಎಂಟಿಸಿ ಬಸ್ಸಿನ ಒಳಗೆ ಸೊಂಟದ ಮಟ್ಟ ನೀರು. ಕಂಡಕ್ಟರ್ ಎಂದಿನಂತೆ ಟಿಕೆಟ್ ಹರಿದುಕೊಡುತ್ತಿದ್ದಾರೆ, ಹೆಂಗಸೊಬ್ಬರು ಸೊಪ್ಪಿನ ಚೀಲವನ್ನು ತೊಡೆಯ ಮೇಲಿಂದ ಸ್ವಲ್ಪ ಎತ್ತಿ ಹಿಡಿದಿದ್ದಾರೆ, ಯಾರಿಗೂ ಗಾಬರಿಯಿಲ್ಲ. ‘ಇದು ಅಷ್ಟು ಸರ್ರಿಯಲ್ ಆಗಿಲ್ಲ, ಮಳೆಯಲ್ಲಿ ಅಂಡರ್‌ಪಾಸ್ ಹತ್ತಿರ ಬಸ್ ನಿಂತಾಗ ಹೊಳೆದದ್ದು’ ಎಂದು ಅಡಿಯಲ್ಲಿ ಬರೆದಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಚಿತ್ರಗಳಲ್ಲಿ ಅದೊಂದೇ ಪೂರ್ತಿ ಸರ್ರಿಯಲ್.

ಯಾಕೆ ಎಂದು ಬಿಡಿಸಿ ಹೇಳಬೇಕು, ನಿಮ್ಮ ಉಳಿದ ಅನುಮಾನಗಳಿಗೂ ಉತ್ತರ ಇಲ್ಲಿದೆ. ಆ ಚಿತ್ರದಲ್ಲಿ ಅಸಾಧ್ಯವಾದದ್ದು ಒಂದೇ: ಇಷ್ಟು ನೀರಿದ್ದರೂ ಯಾರೂ ಅದನ್ನು ಗಮನಿಸುತ್ತಿಲ್ಲ. ಉಳಿದದ್ದೆಲ್ಲ ಕಣ್ಣಾರೆ ಕಂಡದ್ದು. ಸೀಟಿನ ಹರಿದ ರೆಕ್ಸಿನ್, ಮೇಲಿನ ಕಂಬಿಗೆ ಜೋತುಬಿದ್ದ ಕೈಗಳು, ಕಿಟಕಿಯಿಂದ ಬರುವ ಬೂದು ಬೆಳಕು, ನೀರಿನ ಬಣ್ಣ ಕೂಡ ನಮ್ಮೂರಿನ ಮಳೆನೀರಿನದೇ. ನೋಡುವವನು ಮೊದಲು ನಂಬುತ್ತಾನೆ, ಆಮೇಲೆ ಬೆಚ್ಚುತ್ತಾನೆ. ಫ್ಲೈಓವರ್ ಹಾವಾಗಿರುವ ಚಿತ್ರದಲ್ಲಿ ಆಕಾಶ ನೇರಳೆ, ಕಟ್ಟಡಗಳಿಗೆ ಕಣ್ಣು, ರಸ್ತೆಯಲ್ಲಿ ಗಡಿಯಾರ. ಅಲ್ಲಿ ನಂಬುವುದಕ್ಕೆ ಏನೂ ಉಳಿದಿಲ್ಲ, ಹಾಗಾಗಿ ಬೆಚ್ಚುವುದಕ್ಕೂ ಏನೂ ಇಲ್ಲ.

ಬೆಲ್ಜಿಯಂನ ರೆನೆ ಮಾಗ್ರಿಟ್‌ನ ಕೆಲಸ ನಿಮಗೆ ಡಾಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆತನೂ ನಿಮ್ಮ ಹಾಗೆಯೇ ಡಿಸೈನ್ ಕೆಲಸದವನು. ವಾಲ್‌ಪೇಪರ್ ಕಾರ್ಖಾನೆಯಲ್ಲಿ ದುಡಿದ, ಜಾಹೀರಾತುಗಳನ್ನು ಮಾಡಿದ, ದೊಡ್ಡ ಸ್ಟುಡಿಯೋ ಇಲ್ಲದೆ ಬಹಳ ಕಾಲ ಮನೆಯ ಊಟದ ಕೋಣೆಯಲ್ಲೇ ಚಿತ್ರ ಬರೆದ. 1953ರ ಅವನ ಒಂದು ಪ್ರಸಿದ್ಧ ಚಿತ್ರದಲ್ಲಿ ಸಾಧಾರಣ ಊರಿನ ಸಾಧಾರಣ ಮನೆಗಳ ಮುಂದೆ ಹ್ಯಾಟು ಕೋಟಿನ ಗಂಡಸರು ಮಳೆಹನಿಗಳಂತೆ ಗಾಳಿಯಲ್ಲಿ ನಿಂತಿದ್ದಾರೆ. ಹೆಸರು ‘ಗೋಲ್ಕೊಂಡ’. ಹೌದು, ನಮ್ಮ ಹೈದರಾಬಾದ್ ಪಕ್ಕದ ಗೋಲ್ಕೊಂಡವೇ. ವಜ್ರವೈಭವದ ಆ ಹೆಸರನ್ನು ಸೂಚಿಸಿದ್ದು ಅವನ ಕವಿಮಿತ್ರ. ಅಲ್ಲಿಯ ಮನೆಗಳಿಗೆ ಮಾಗ್ರಿಟ್ ಏನೂ ಮಾಡಿಲ್ಲ, ಅವು ಅವನು ದಿನಾ ಕಾಣುತ್ತಿದ್ದ ಬ್ರಸೆಲ್ಸ್‌ನ ಸುತ್ತಿನ ಮನೆಗಳಂಥವೇ. ಇನ್ನೊಂದು ಸರಣಿಯಲ್ಲಿ ಬೀದಿಯಲ್ಲಿ ಕತ್ತಲೆ, ದೀಪ ಹತ್ತಿದೆ, ಮೇಲಿನ ಆಕಾಶ ಮಾತ್ರ ಹಾಡಹಗಲು. ಅಷ್ಟೇ. ಆ ಒಂದೇ ಒಂದು ಜರುಗಾಟಕ್ಕೆ ಇಡೀ ಬೀದಿ ಅಪರಿಚಿತವಾಗುತ್ತದೆ.

ಡಾಲಿಯನ್ನೂ ಸರಿಯಾಗಿ ನೋಡಿಲ್ಲ ನಿಮ್ಮ ಗೆಳೆಯರು. ಕರಗುವ ಗಡಿಯಾರಗಳ 1931ರ ಆ ಚಿತ್ರ ಎಷ್ಟು ದೊಡ್ಡದು ಗೊತ್ತೇ? 24 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ, ಎ4 ಹಾಳೆಗಿಂತ ತುಸು ಹೆಚ್ಚು. ಒಂದೇ ಕೋಣೆ ಎಂದು ಕೊರಗುವ ನಿಮಗೆ ಇದು ಧೈರ್ಯ ಕೊಡಲಿ. ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಹಿಂದೆ ಬಿಸಿಲು ಬಿದ್ದಿರುವ ಬಂಡೆಗಳನ್ನು ನೋಡಿ, ಅದು ಅವನ ಕ್ಯಾಟಲೋನಿಯಾದ ಕಡಲತೀರ, ಹುಡುಗನಾಗಿದ್ದಾಗಿನಿಂದ ನಡೆದಾಡಿದ ಜಾಗ. ಅವನ ಗಡಿಯಾರ ತೆಗೆದುಕೊಂಡವರು ಲಕ್ಷ ಜನ. ಅವನು ತನ್ನ ಬಂಡೆಗಳನ್ನು ನೋಡಿದಷ್ಟು ಗಮನವಿಟ್ಟು ತಮ್ಮೂರಿನ ಬಂಡೆ ನೋಡಿದವರು ಕಡಿಮೆ. ನಿಮ್ಮ ಕರಗುವ ಸಿಗ್ನಲ್ ದೀಪದ ಬಗ್ಗೆ ಗೆಳೆಯರು ಹೇಳಿದ್ದು ಮಾತ್ರ ಸರಿ ಎಂದು ನನಗೂ ಅನ್ನಿಸಿತು. ಅದು ಎರವಲು ಉಪಾಯ, ಬಿಡಿ. ಕಾನೂನಿನ ಮಾತೂ ಇರಲಿ. ಶೈಲಿ ಯಾರ ಸ್ವತ್ತೂ ಅಲ್ಲ, ಕೃತಿ ಸ್ವತ್ತು. ನಮ್ಮಲ್ಲಿ ಕಲಾವಿದ ತೀರಿಕೊಂಡ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಡಾಲಿ ತೀರಿಕೊಂಡದ್ದು 1989ರಲ್ಲಿ. ಅವನಂತೆ ಬರೆದರೆ ಅಡ್ಡಿಯಿಲ್ಲ. ಅವನ ಚಿತ್ರವನ್ನೇ ಗುರುತು ಸಿಗುವಂತೆ ಎತ್ತಿ ಪ್ರಿಂಟ್ ಮಾಡಿ ಮಾರಹೊರಟರೆ ತೊಂದರೆ.

‘ಪರದೇಶದ ಶೈಲಿ’ ಎಂಬ ಕೊರಗಿಗೆ ನಾನು ಬಹಳ ಮರುಗಿದೆ. ಹೆಸರು ಮತ್ತು ಪ್ರಣಾಳಿಕೆ ಪ್ಯಾರಿಸ್ಸಿನದು, ನಿಜ. ಒಂದನ್ನೊಂದು ಸೇರಬಾರದ ಎರಡನ್ನು ಸೇರಿಸಿ ಮೂರನೆಯದನ್ನು ಕಾಣುವ ಬುದ್ಧಿ ಅಲ್ಲಿಂದ ಬಂದದ್ದಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರ ಒಂದು ಕಂಬವಿದೆ. ತುದಿಯಲ್ಲಿ ಗಂಡಭೇರುಂಡ, ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಅದೇ ಎರಡು ತಲೆಯ ಹಕ್ಕಿ ಇವತ್ತು ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ, ಅಕ್ಕಪಕ್ಕದಲ್ಲಿ ಆನೆತಲೆಯ ಸಿಂಹಗಳು. ನಿಮ್ಮ ಜಾತಿ ಆದಾಯ ಪ್ರಮಾಣಪತ್ರದ ತಲೆಯ ಮೇಲೂ ಅದೇ ಮುದ್ರೆ. ಹಳೇಬೀಡಿನ ಗೋಡೆಯ ಮಕರಗಳನ್ನು ಒಂದು ಹಗಲು ಕೂತು ಸ್ಕೆಚ್ ಮಾಡಿ. ಸೊಂಡಿಲು ಎಲ್ಲಿ ಮುಗಿದು ಮೊಸಳೆಯ ಬಾಯಿ ಎಲ್ಲಿ ಶುರುವಾಗುತ್ತದೆ ಎಂದು ಕಲ್ಲುಕುಟಿಗ ಹೇಗೆ ತೀರ್ಮಾನಿಸಿದ ಎಂಬುದನ್ನು ಕೈಯಿಂದಲೇ ಕಲಿಯಬೇಕು. ಮೀನಿನ ತಲೆಯನ್ನು ಪೊಲೀಸ್ ಸಮವಸ್ತ್ರದ ಕಾಲರಿಗೆ ಅಂಟಿಸಿದಂತೆ ಬರೆದಿದ್ದೀರಲ್ಲ, ಆ ಹೊಲಿಗೆ ಅಲ್ಲಿ ಸಡಿಲವಾಗಿದೆ. ಇನ್ನು ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು. ಅಸಾಧ್ಯವಾದದ್ದನ್ನು ಸಲೀಸಾಗಿ, ಕಣ್ಣೆದುರು ನಡೆದಂತೆ ಹೇಳುವ ಆ ಧಾಟಿ ನಿಮಗೆ ಶಾಲೆಯಲ್ಲೇ ಕಿವಿಗೆ ಬಿದ್ದಿದೆ.

ಹಾಗೆಂದು ಬಸ್ಸಿನ ಮೇಲೆ ಗಂಡಭೇರುಂಡ ಕೂರಿಸಿಬಿಡಬೇಡಿ. ನಮ್ಮ ನೆಲದ್ದೆಂದು ತೋರಿಸಲು ಚಿಹ್ನೆ ಹಚ್ಚುವ ಅಪಾಯವೂ ಉಂಟು, ಅಂಥ ಚಿತ್ರ ಹೋಟೆಲ್ ಲಾಬಿಗೆ ಚೆನ್ನಾಗಿ ಹೊಂದುತ್ತದೆ, ಅಲ್ಲಿಗೇ ಮುಗಿಯುತ್ತದೆ. ಕೋಲ್ಕತ್ತಾದ ಚಿತ್ರಕಾರ ಬಿಕಾಶ್ ಭಟ್ಟಾಚಾರ್ಯರ ಗೊಂಬೆಗಳ ಸರಣಿ ನೋಡಿ, 1970ರ ದಶಕದ್ದು. ಅವರಿಗೆ ಬೇಕಾದದ್ದು ಒಂದು ಆಟದ ಗೊಂಬೆ, ಉತ್ತರ ಕೋಲ್ಕತ್ತಾದ ಹಳೆ ಮನೆಗಳು, ತಾರಸಿಗಳು. ನಕ್ಸಲ್ ಕಾಲದ ಆ ಊರಿನ ಭಯ ಗೊಂಬೆಯ ಕಣ್ಣಲ್ಲಿ ಬಂದು ಕೂತಿದೆ. ಬಂಗಾಳದ ಪರಂಪರೆಯ ಒಂದು ಗುರುತನ್ನೂ ಅವರು ಎದ್ದು ಕಾಣುವಂತೆ ಹಚ್ಚಿಲ್ಲ, ಆದರೂ ಅದು ಬೇರೆ ಊರಿನ ಚಿತ್ರ ಆಗಲು ಸಾಧ್ಯವಿಲ್ಲ.

ನಮ್ಮ ಬೆಂಗಳೂರಿಗೆ ಬನ್ನಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ನಿಮ್ಮ ಬಸ್ಸಿನಲ್ಲಿ ನೀರು ಸೊಂಟಮಟ್ಟ ನಿಂತಿದೆ ಎಂದರೆ ನೀವು ಗೊತ್ತಿಲ್ಲದೆಯೇ ಈ ಊರಿನ ನಿಜ ಚರಿತ್ರೆಯನ್ನು ಮುಟ್ಟಿದ್ದೀರಿ. ಬೆಳ್ಳಂದೂರು ಕೆರೆ 2015ರಲ್ಲಿ, ಮತ್ತೆ 2017ರಲ್ಲಿ ಹೊತ್ತಿ ಉರಿಯಿತು. ಶುದ್ಧೀಕರಿಸದ ಕೊಳಚೆ ನೀರಿನ ಡಿಟರ್ಜೆಂಟ್ ನೊರೆ ಎದ್ದು ರಸ್ತೆಯ ಮೇಲೆ ಹಿಮದಂತೆ ಹಾರಿತು. ನೀರಿಗೆ ಬೆಂಕಿ ಬಿದ್ದ ಊರಿನಲ್ಲಿ ಕೂತು ವಿಚಿತ್ರಕ್ಕಾಗಿ ನಿದ್ದೆಗೆಡುತ್ತಿದ್ದೀರಿ! ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿನಲ್ಲಿ ಒಂದು ಮೊಸಳೆಯನ್ನು ಇಟ್ಟರು. 2019ರಲ್ಲಿ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ನಡಿಗೆ ತೋರಿಸಿದರು, ಚಂದ್ರನ ಮೇಲೆ ನಡೆದಂತೆಯೇ ಕಂಡಿತು. ಎರಡರಲ್ಲೂ ಗುಂಡಿ ನಿಜ, ಅವರು ಸೇರಿಸಿದ್ದು ಒಂದೊಂದೇ.

ಹೀಗೆ ನೋಡತೊಡಗಿದರೆ ವಿಷಯಕ್ಕೆ ಕೊರತೆಯಿಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯಿಂದ ಹೊರಡುವ ಕರಗ: ಸೀರೆ ಬಳೆ ತೊಟ್ಟ ಗಂಡಸು, ತಲೆಯ ಮೇಲೆ ಮಲ್ಲಿಗೆಯ ಗೋಪುರ, ಸುತ್ತ ಕತ್ತಿ ಹಿಡಿದ ವೀರಕುಮಾರರು, ಮೇಲೆ ಎಟಿಎಂ ಬೋರ್ಡಿನ ನಿಯಾನ್ ಬೆಳಕು. ಚಿಕ್ಕಪೇಟೆಯಲ್ಲಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಸೀರೆ ಬಿಚ್ಚಿಸಿಕೊಂಡು ನಿಂತ ಬೊಂಬೆಗಳು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು, ಅದರ ಮೇಲೆ ಕೂತು ಜನ ರೀಲ್ಸ್ ಮಾಡುತ್ತಾರೆ. ಕಟ್ಟುತ್ತಿರುವ ಪ್ರತಿ ಅಪಾರ್ಟ್‌ಮೆಂಟಿನ ಮೇಲೂ ನಾಲಿಗೆ ಚಾಚಿದ ದೃಷ್ಟಿಗೊಂಬೆ. ಅಮ್ಮನಿಗೆ ಇದನ್ನೇ ತೋರಿಸಿ. ಭಯಂಕರ ಮುಖವನ್ನು ಮನೆಗೆ ಕಟ್ಟುವುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ, ಅದಕ್ಕೊಂದು ಕೆಲಸವಿದೆ ಎಂದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರ ಮಾತಿನಲ್ಲಿ ವಿರೋಧಕ್ಕಿಂತ ಆತಂಕ ಕಂಡಿತು ನನಗೆ. ಮಗ ಈ ಚಿತ್ರಗಳ ನಡುವೆ ನಿದ್ದೆಯಿಲ್ಲದೆ ಒಬ್ಬನೇ ಇದ್ದಾನಲ್ಲ ಎಂಬ ಆತಂಕ.

ಎಐ ಪ್ರಶ್ನೆ ನಿಮ್ಮನ್ನು ಇಷ್ಟು ನೋಯಿಸಿದ್ದು ಸಹಜ. ಆದರೂ ಕೇಳಿದವರನ್ನು ದೂರುವ ಮೊದಲು ಚಿತ್ರದಲ್ಲಿ ಯಾವುದು ಹಾಗನ್ನಿಸಿತು ಎಂದು ನೋಡೋಣ. ತೇಲುವ ಅಪಾರ್ಟ್‌ಮೆಂಟಿನ ನೆರಳು ಬಲಕ್ಕೆ ಬಿದ್ದಿದೆ, ಮರದ ನೆರಳು ಎಡಕ್ಕೆ. ಎಲ್ಲ ಮೇಲ್ಮೈಗೂ ಒಂದೇ ಹೊಳಪು, ಕಾಂಕ್ರೀಟೂ ಎಲೆಯೂ ಒಂದೇ ವಸ್ತುವಿನಿಂದ ಮಾಡಿದಂತಿವೆ. ಆ ಕಟ್ಟಡ ಹೆಬ್ಬಾಳದ್ದೋ ದುಬೈಯದ್ದೋ ಹೇಳಲಾಗದು. ಲಕ್ಷಾಂತರ ಚಿತ್ರಗಳನ್ನು ಅರಗಿಸಿಕೊಂಡು ಚಿತ್ರ ಕೊಡುವ ಯಂತ್ರದಿಂದ ಬರುವುದು ಹೀಗೆ ವಿಳಾಸವಿಲ್ಲದ ವಿಚಿತ್ರ. ನೀವು ಇಂಟರ್‌ನೆಟ್ಟಿನ ಚಿತ್ರಗಳನ್ನು ನೋಡಿಕೊಂಡು ಬರೆದಾಗ ನಿಮ್ಮ ಕೈಯೂ ಅದೇ ಕೆಲಸ ಮಾಡಿದೆ. ಎಐನಿಂದ ರೆಫರೆನ್ಸ್ ಮಾಡಿಸಿಕೊಂಡು ಅದರ ಮೇಲೆ ಪೇಂಟ್ ಮಾಡುವವರು ಈಗ ಹಲವರಿದ್ದಾರೆ. ಸಮಯ ಉಳಿಯುತ್ತದೆ, ಸುಳ್ಳಲ್ಲ. ಆದರೆ ಬೆಳಕು ಎಲ್ಲಿಂದ ಬರಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನಗಳನ್ನೆಲ್ಲ ಅದು ಮಾಡಿ ಮುಗಿಸಿರುತ್ತದೆ, ನಿಮಗೆ ಉಳಿಯುವುದು ಬಣ್ಣ ತುಂಬುವ ಕೆಲಸ. ಈಗಿನ ನಿಮ್ಮ ಹಂತದಲ್ಲಿ ಇದು ಬೇಡವೆಂದೇ ಹೇಳುತ್ತೇನೆ. ಸ್ಥಳಕ್ಕೆ ಹೋಗಿ ಸ್ಕೆಚ್ ಮಾಡಿ, ಸ್ಕೆಚ್ ಬುಕ್ ಎಸೆಯಬೇಡಿ, ಮುಂದಿನ ಪ್ರದರ್ಶನದಲ್ಲಿ ಚಿತ್ರದ ಪಕ್ಕದಲ್ಲೇ ಇಡಿ. ಮತ್ತೆ ಆ ಪ್ರಶ್ನೆ ಬಂದರೆ ಪುಟ ತಿರುವಿ ತೋರಿಸಬಹುದು.

ಉಳಿದದ್ದು ಶೈಲಿ. ಆ ಹಿರಿಯರು ನಿಷ್ಠುರವಾಗಿ ಹೇಳಿದರೂ ಪೂರ್ತಿ ತಪ್ಪು ಹೇಳಿಲ್ಲ. ಆದರೆ ಶೈಲಿಯನ್ನು ಅಂಗಿಯಂತೆ ಆರಿಸಿಕೊಂಡು ತೊಡಲಾಗದು. ಒಂದೇ ಕಟ್ಟುಪಾಡಿನೊಳಗೆ ಬಹಳ ಕಾಲ ಕೆಲಸ ಮಾಡಿದಾಗ ನಿಮಗೆ ತಿಳಿಯದಂತೆ ಅದು ಉಳಿಯುತ್ತದೆ. ನಿಮಗೆ ನಾನು ಹಾಕುವ ಕಟ್ಟುಪಾಡು: ಮುಂದಿನ ಒಂದು ಸರಣಿ ಪೂರ್ತಿ ಮೆಜೆಸ್ಟಿಕ್ ನಿಲ್ದಾಣದ್ದೇ ಆಗಲಿ. ಪ್ರತಿ ಚಿತ್ರದಲ್ಲಿ ಒಂದೇ ಅಸಾಧ್ಯ. ಬೆಳಕಿನ ದಿಕ್ಕು ಬರೆಯುವ ಮೊದಲೇ ಅಂಚಿನಲ್ಲಿ ಬಾಣ ಹಾಕಿ ಗುರುತಿಸಿ. ಬಣ್ಣ ನಾಲ್ಕೈದು ಮೀರಬಾರದು. ಇದರ ಅಪಾಯ ಬೇಸರ. ನಡುವೆ ಒಂದು ಹಂತದಲ್ಲಿ ಎಲ್ಲ ಒಂದೇ ಥರ ಕಾಣತೊಡಗುತ್ತದೆ, ಹೆಚ್ಚಿನವರು ಅಲ್ಲಿ ಬಿಟ್ಟು ಹೊಸ ಐಡಿಯಾ ಹಿಡಿಯುತ್ತಾರೆ. ನನ್ನ ಅನುಭವದಲ್ಲಿ ಒಳ್ಳೆಯ ಚಿತ್ರಗಳು ಬರುವುದು ಆ ಬೇಸರ ದಾಟಿದ ಮೇಲೆ.

ಕೈ ಕಟ್ಟಿಹಾಕಿದಂತಾದರೆ ಬಿಡುವಿಗೆ ಸರ್ರಿಯಲಿಸ್ಟ್ ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್‌ನ ಉಪಾಯ ಮಾಡಿ. 1925ರಲ್ಲಿ ಹೋಟೆಲೊಂದರ ಸವೆದ ಮರದ ನೆಲದ ಮೇಲೆ ಕಾಗದ ಹಾಸಿ, ಪೆನ್ಸಿಲ್ ಸೀಸ ಉಜ್ಜಿ, ಮೂಡಿದ ಗೆರೆಗಳಲ್ಲಿ ಕಾಡು, ಪ್ರಾಣಿಗಳನ್ನು ಕಂಡ. ಫ್ರೊಟಾಜ್ ಎನ್ನುತ್ತಾರೆ. ನಿಮಗೆ ಮ್ಯಾನ್‌ಹೋಲ್ ಮುಚ್ಚಳಗಳಿವೆ, ಫುಟ್‌ಪಾತಿನ ಕಲ್ಲುಚಪ್ಪಡಿಗಳಿವೆ, ಹಳೆ ಮನೆಯ ಕಿಟಕಿ ಗ್ರಿಲ್ಲುಗಳಿವೆ. ಬಂದದ್ದನ್ನೆಲ್ಲ ಚೌಕಟ್ಟು ಹಾಕಿಸಬೇಡಿ, ಅದು ಕಣ್ಣಿಗೆ ಕಸರತ್ತು ಅಷ್ಟೇ.

ಕೆಲಸ ಬಿಡುವ ಯೋಚನೆಯಿದ್ದರೆ ಸದ್ಯಕ್ಕೆ ಬೇಡ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಅರ್ಜಿ ಹಾಕಿ, ಸಾವಿರಾರು ಜನ ನೋಡುತ್ತಾರೆ. ಮಾರಾಟವಾದ ಚಿತ್ರವನ್ನೇ ಮತ್ತೆ ಮತ್ತೆ ಬರೆಯುವ ಆಸೆಗೆ ಮಾತ್ರ ಸಿಕ್ಕಬೇಡಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಎನ್‌ಜಿಎಂಎಗೆ ರಜೆಯ ದಿನ ಹೋಗಿ, ಮುದ್ರಿತ ಪ್ರತಿ ಬಿಟ್ಟು ಮೂಲಚಿತ್ರಗಳ ಬಣ್ಣದ ಪದರವನ್ನು ಪಕ್ಕದಿಂದ ನೋಡಿ.

ಕೊನೆಗೆ ಬಣ್ಣದ ಪ್ರಶ್ನೆ. ಮಲಗುವ ಕೋಣೆಯಲ್ಲಿ ಟರ್ಪೆಂಟೈನ್ ಇರಬಾರದು, ವಾಸನೆಯಿಲ್ಲದ ಥಿನ್ನರ್ ಎಂದು ಮಾರುವುದರಿಂದಲೂ ಆವಿ ಬರುತ್ತದೆ. ಪೂರ್ತಿ ಅಕ್ರಿಲಿಕ್‌ಗೆ ಹೋದರೆ ಆ ತೊಂದರೆ ತಪ್ಪುತ್ತದೆ, ಆದರೆ ಬೇಗ ಒಣಗುವುದರಿಂದ ನಿಮ್ಮ ಆ ನೀರಿನ ನಯವಾದ ಛಾಯೆಗಳು ಕಷ್ಟ. ನಡುವಿನ ದಾರಿಯೊಂದಿದೆ. ಕೆಳಗಿನ ಪದರಗಳನ್ನು ಅಕ್ರಿಲಿಕ್‌ನಲ್ಲಿ ತೆಳ್ಳಗೆ ಮುಗಿಸಿ, ಕೊನೆಯ ಪದರಗಳಿಗೆ ಮಾತ್ರ ಆಯಿಲ್ ಬಳಸಿ. ತಿರುಗುಮುರುಗು ಮಾಡಬೇಡಿ, ಆಯಿಲ್ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ, ಸಿಪ್ಪೆಯೇಳುತ್ತದೆ. ಆಯಿಲ್ ಪದರಗಳಲ್ಲಿ ಮೇಲೆ ಹೋದಂತೆ ಎಣ್ಣೆ ಹೆಚ್ಚಿರಬೇಕು, ಇಲ್ಲವಾದರೆ ಬಿರುಕು. ಬ್ರಶ್ಶನ್ನು ಮೊದಲು ಎಣ್ಣೆಯಲ್ಲಿ, ಆಮೇಲೆ ಸೋಪಿನಲ್ಲಿ ತೊಳೆದರೆ ಥಿನ್ನರ್ ಬಹುಮಟ್ಟಿಗೆ ಬೇಕಾಗದು. ಇನ್ನು ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದುರಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅವು ತಾವಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲವು. ಮುಚ್ಚಳವಿರುವ ತಗಡಿನ ಡಬ್ಬಿಯೊಂದರಲ್ಲಿ ನೀರು ತುಂಬಿ ಬಾಗಿಲಾಚೆ ಇಟ್ಟು, ರಾತ್ರಿ ಕೆಲಸ ಮುಗಿದ ಕೂಡಲೇ ಅದಕ್ಕೆ ಹಾಕಿ.